ದಿಬ್ಬದ ಮೇಲೆ ಹಾಸಿದ ಧಾರೆ ಸೀರೆ

ಬೆಳಕವಾಡಿ,
೧೮ ನವೆಂಬರ್ ೨೦೨೫, ಮಂಗಳವಾರ

ನನ್ನ ಮುದ್ದು ನಾಗೂಗೆ,

ನಿನ್ನ ಅಜ್ಜಿ ಪುಟ್ಟಮಾದಮ್ಮ ಮಾಡುವ ಆಶೀರ್ವಾದ. ನಾವಿಲ್ಲಿ ಕ್ಷೇಮ. ಕಾಗದ ಬರೆದು ಕ್ಷೇಮ ಕೇಳುವ ಕಾಲ ಹೋಗಿ ಎಷ್ಟೋ ವರ್ಷವಾಯಿತು, ಆದರೆ ನೀನು ಒಂಬತ್ತು ದಿನದಿಂದ ನನ್ನ ಫೋನು ಎತ್ತುತ್ತಿಲ್ಲವಾದ್ದರಿಂದ ಆ ಕಾಲ ತಿರುಗಿ ಬಂದಿದೆ. ಕತ್ತು ನೋವು ಹೇಗಿದೆ? ಆ ದಪ್ಪ ಹೆಲ್ಮೆಟ್ಟು ಹೊತ್ತು ಹೊತ್ತು ಕತ್ತು ಹಿಡಿದುಕೊಂಡಿದೆ ಅಂದಿದ್ದೆ. ಹರಳೆಣ್ಣೆ ಬೆಚ್ಚಗೆ ಮಾಡಿ ಹಚ್ಚಿಕೊ. ವಾಸನೆ ಅಂತ ಮೂಗು ಮುರಿಯಬೇಡ, ಅಷ್ಟು ಮೇಲೆ ನಿನ್ನನ್ನು ಮೂಸಲು ಯಾರೂ ಬರುವುದಿಲ್ಲ. ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದೀಯ ಎಂದರೆ ಮೂರು ಹೊತ್ತೂ ಬ್ರೆಡ್ಡೇ ಅಂತಲೂ ನನಗೆ ಗೊತ್ತು. ನನ್ನ ಮಂಡಿ ಹಾಗೇ ಇದೆ. ನಿಮ್ಮಪ್ಪನಿಗೆ ಕಬ್ಬು ಕಡಿಸುವ ಗಡಿಬಿಡಿ. ಗೌರಿ ಹೆಣ್ಣು ಕರು ಹಾಕಿದೆ, ಹಣೆಯ ಮೇಲೆ ಬಿಳಿ ಚುಕ್ಕೆ, ಗುದ್ದುವುದರಲ್ಲಿ ಥೇಟ್ ನಿನ್ನ ಹಾಗೆ.

ಭಾನುವಾರ ನಿಮ್ಮ ವಾಯುಸೇನೆಯ ಪ್ರದರ್ಶನದ ದಿನ ನಿನ್ನ ಜೊತೆ ಎರಡು ಮಾತು ಸರಿಯಾಗಿ ಆಡಲಾಗಲಿಲ್ಲ. ಅದಕ್ಕೇ ಈ ಕಾಗದ. ಅವತ್ತು ನಿಮ್ಮಪ್ಪ ಚಲುವರಾಜು ಕೋಳಿ ಕೂಗುವ ಮೊದಲೇ ಕಾರು ತಂದು ನಿಲ್ಲಿಸಿದ್ದ. ಮದ್ದೂರಿನಲ್ಲಿ ತಿಂಡಿ ತಿಂದ ಮೇಲೆ ಅವನಿಗೆ ಬಾಯಿ ಬಂತು. ಬೆಂಗಳೂರಿನ ಆಚೆಯ ಆ ಮೈದಾನ ಸೇರುವವರೆಗೆ ನಿನ್ನ ಹೆಲಿಕಾಪ್ಟರಿನದೇ ಮಾತು. ಅದು ತನಗಿಂತ ಹಿರಿಯದಂತೆ, ತುಕ್ಕು ಹಿಡಿದು ಮೂಲೆಯಲ್ಲಿ ನಿಂತಿದ್ದನ್ನು ನಿಮ್ಮವರು ಬಿಚ್ಚಿ ಜೋಡಿಸಿದ್ದಂತೆ, ಇಡೀ ತಂಡದಲ್ಲಿ ಅದರ ಮರ್ಜಿ ತಿಳಿದವಳು ನೀನೊಬ್ಬಳೇ ಅಂತೆ. ಮಗಳ ವಿಷಯ ಬಂದರೆ ಅವನು ಸ್ವಲ್ಪ ಸೇರಿಸಿಯೇ ಹೇಳುತ್ತಾನೆ. ಆದರೂ ಕೇಳಲು ಚೆನ್ನಾಗಿತ್ತು.

ಅವತ್ತು ಆಡಿ ತೋರಿಸಿದ್ದು ನಮ್ಮದೇ ಕಥೆ ಎಂದು ಅಲ್ಲಿ ಕೂತಿದ್ದವರಿಗೆ ಗೊತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ನೆರೆ ಬಂದ ಊರಿಗೆ ಸೇನೆಯ ಹೆಲಿಕಾಪ್ಟರು ಊಟದ ಮೂಟೆ ಇಳಿಸಿದ್ದು ಹೇಗೆ ಎಂದು ಮೈಕಿನವನು ಹೇಳಿದ. ಆ ಆಟದೊಳಗೆ ನಮ್ಮ ಸೀರೆಯ ಕಥೆ ಸೇರಿಸಿದವಳು ನೀನು. ಎಷ್ಟು ಸಲ ಹೇಳಿಸಿಕೊಂಡಿದ್ದೀಯ ನನ್ನಿಂದ. ನಾನು ಮದುವೆಯಾಗಿ ಬಂದ ಎರಡನೇ ಮಳೆಗಾಲ, ಹೊಳೆ ಉಕ್ಕಿ ನಮ್ಮ ಏಳು ಮನೆಯವರೂ ದಿಬ್ಬದ ಮೇಲೆ ಸಿಕ್ಕಿಕೊಂಡದ್ದು. ಎರಡು ದಿನ ಹಸಿದಿದ್ದೆವು. ಮೇಲಿನಿಂದ ಕಾಣಲಿ ಎಂದು ನಿಮ್ಮ ತಾತ ನನ್ನ ಕೆಂಪು ಧಾರೆ ಸೀರೆಯನ್ನು ಬಯಲಿಗೆ ಹಾಸಿದ್ದು. ಹೆಲಿಕಾಪ್ಟರು ಬಂತು, ತಲೆಯ ಮೇಲೇ ನಿಂತಿತು, ಗಡ್ಡ ಬಿಟ್ಟು ಪೇಟ ಸುತ್ತಿದವನೊಬ್ಬ ಕೂತಿದ್ದು ಕಂಡಿತು. ಅದರ ಗಾಳಿಗೆ ಸೀರೆ ಎದ್ದಿತು. ಅಷ್ಟೇ, ಅವನು ಮೂಟೆ ಹಾಕದೆ ತಿರುಗಿಸಿಕೊಂಡು ಹೊರಟುಹೋದ. ಸೀರೆ ಹೊಳೆ ಪಾಲಾಯಿತು. ನನ್ನ ಅತ್ತೆ ಬೆಟ್ಟಮ್ಮ ಮಣ್ಣು ತೂರಿ ಶಾಪ ಹಾಕಿದರು: "ಪುಕ್ಲ ಕಣಮ್ಮಿ ಅವ್ನು, ಒಂದ್ ಸೀರೆ ಕಂಡು ಎದ್ರುಕೊಂಡು ಓಡೋದ." ಮಾರನೆಯ ದಿನ ಬೇರೆ ಯಾರೋ ಗಂಡೆದೆಯವನು ಬಂದು ಅವಲಕ್ಕಿ, ಬ್ರೆಡ್ಡು ಹಾಕಿ ಹೋದ ಎನ್ನುವಲ್ಲಿಗೆ ನಮ್ಮ ಮನೆಯ ಕಥೆ ಮುಗಿಯುತ್ತದೆ.

ಆಮೇಲೆ ನಮ್ಮ ಮನೆಯಲ್ಲಿ ಯಾರು ಹಿಂಜರಿದರೂ ಅದೇ ಮಾತು. ನೀನು ನಾಲೆಗೆ ಇಳಿಯಲು ಹೆದರಿ ಮೆಟ್ಟಿಲ ಮೇಲೆ ಕೂತಾಗ ನಾನೇ ಅಂದಿದ್ದೆ, "ಆ ಎಲಿಕಾಪ್ಟ್ರುನೋನಂಗೆ ತಿರುಕ್ಕಬ್ಯಾಡ ಕಣಮ್ಮಿ" ಅಂತ. ಏಳು ವರ್ಷದವಳು, ಮೂಗು ಒರೆಸಿಕೊಂಡು, "ನಾನಾಗಿದ್ರೆ ತಿರುಗುಸ್ತಿರ್ಲಿಲ್ಲ ಕಣಜ್ಜಿ" ಅಂದು ದುಡುಮ್ ಅಂತ ಬಿದ್ದೆ. ನೀನು ವಾಯುಸೇನೆಗೆ ಸೇರಿದ ದಿನವೂ ಅದೇ ಮಾತು ಹೇಳಿ ಕಾಲು ಮುಟ್ಟಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆ ಭಾನುವಾರ ಆಟಕ್ಕೆಂದು ಕಟ್ಟಿದ್ದ ಹುಲ್ಲಿನ ಗುಡಿಸಲ ಮರೆಯಿಂದ ನಿನ್ನ ಹೆಲಿಕಾಪ್ಟರು ಮೇಲೆದ್ದಾಗ ನಾನು ಕೂತಲ್ಲಿಂದ ಎದ್ದು ನಿಂತೆ. ಅದೇ ಸದ್ದು ನಾಗೂ. ಐವತ್ತು ವರ್ಷದ ಮೇಲೂ ಅದೇ ಸದ್ದು. ಕೆಳಗೆ ಊರವರ ಪಾತ್ರ ಹಾಕಿದವರು ಕೆಂಪು ಸೀರೆ ಹಾಸಿ ಕೈ ಬೀಸುತ್ತಿದ್ದರು. ನೀನು ಬಂದು ನಿಂತೆ. ಗೂಟಕ್ಕೆ ಕಟ್ಟಿದ್ದ ಸೀರೆಯ ಒಂದು ತುದಿ ಬಿಚ್ಚಿತು, ಇನ್ನೊಂದು ಬಿಚ್ಚಿತು, ಅದು ಉಬ್ಬಿಕೊಂಡು ನಿನ್ನ ಕಡೆಗೇ ಎದ್ದಿತು. ನೀನು ತಕ್ಷಣ ಓರೆಯಾಗಿ ಎಳೆದುಕೊಂಡು ಹೋದೆ. ಮೂಟೆ ಹಾಗೇ ನೇತಾಡುತ್ತಿತ್ತು. ಜನ ಓ ಎಂದು ಕೂಗಿದರು. ನನ್ನ ಹಿಂದೆ ಕೂತಿದ್ದ ಒಬ್ಬ ಸಿಳ್ಳೆ ಹಾಕಿದ, ಅವನನ್ನು ನಿಮ್ಮಪ್ಪ ನೋಡಿದ ನೋಟಕ್ಕೆ ಅವನು ಜಾಗ ಬದಲಾಯಿಸಿದ.

ಬಟ್ಟೆ ರೆಕ್ಕೆಗೆ ಸುತ್ತಿಕೊಂಡಿದ್ದರೆ ಹೆಲಿಕಾಪ್ಟರಿನಲ್ಲಿದ್ದ ನೀವು ಮೂವರೂ ಕೆಳಗಿದ್ದ ಹತ್ತು ಜನರೂ ಉಳಿಯುತ್ತಿರಲಿಲ್ಲ, ನಾಗಶ್ರೀ ಮಾಡಿದ್ದೇ ಸರಿ ಎಂದು ನಿಮ್ಮ ದೊಡ್ಡ ಸಾಹೇಬರು ಎಲ್ಲರೆದುರಿಗೂ ಹೇಳಿದರಂತೆ. ನಿಮ್ಮಪ್ಪ ಹೇಳಿದ. ಹಾಗಿದ್ದೂ ನೀನು ಇಳಿದು ಬಂದು ನನ್ನೆದುರು ನಿಂತು, ಕಣ್ಣು ಮೇಲೆತ್ತದೆ, "ನಾನೂ ಅವ್ನಂಗೇ ತಿರುಗಿಸ್ಬುಟ್ಟೆ ಕಣಜ್ಜಿ" ಅಂದೆ. ನಾನು ಏನಾದರೂ ಹೇಳಬೇಕಿತ್ತು. ನಿನ್ನ ತೋಳು ಹಿಡಿದುಕೊಂಡು ನಿಂತೆ. ನನ್ನ ಮೌನವನ್ನು ನೀನು ಏನೆಂದುಕೊಂಡೆಯೋ, ಕೈ ಬಿಡಿಸಿಕೊಂಡು ಹೋದೆ. ಜನವರಿಯ ಮೈಸೂರು ಪ್ರದರ್ಶನದಿಂದ ನಿನ್ನ ಹೆಸರು ತೆಗೆಸಲು ಅರ್ಜಿ ಕೊಟ್ಟಿದ್ದೀಯ, ಈ ಶನಿವಾರದೊಳಗೆ ವಾಪಸು ತೆಗೆದುಕೊಳ್ಳದಿದ್ದರೆ ಬೇರೆಯವರು ಹಾರಿಸುತ್ತಾರೆ ಎಂದು ನಿಮ್ಮಪ್ಪ ಮೊನ್ನೆ ಕೊಟ್ಟಿಗೆಯಲ್ಲಿ ಹೇಳಿದ. ಹೇಳಿ ಕರುವಿನ ಮೈ ಸವರುತ್ತ ಬಹಳ ಹೊತ್ತು ಅಲ್ಲೇ ಕೂತಿದ್ದ. ನನಗೆ ಅವತ್ತಿನಿಂದ ಅನ್ನ ಸೇರುತ್ತಿಲ್ಲ.

ನನಗೆ ನಿನ್ನ ಮೇಲೆ ಎಷ್ಟು ಪ್ರೀತಿ ಎಂದು ನಾನು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ, ಬೈದೇ ಸಾಕಿದ್ದೇನೆ. ಈಗ ಹೇಳುತ್ತೇನೆ. ನೀನು ಅವತ್ತು ತಿರುಗಿಸದೇ ಇದ್ದಿದ್ದರೆ ಈ ಕಾಗದ ಬರೆಯಲು ನನಗೆ ಮೊಮ್ಮಗಳು ಇರುತ್ತಿರಲಿಲ್ಲ. ನನಗೆ ಅಷ್ಟು ಸಾಕು. ವೇಳೆಗೆ ಸರಿಯಾಗಿ ಉಣ್ಣು, ತಲೆಗೆ ಎಣ್ಣೆ ಇಡು, ಕರುವಿಗೆ ಹೆಸರು ನೀನೇ ಇಡಬೇಕೆಂದು ನಿಮ್ಮಮ್ಮ ಕಾದಿದ್ದಾಳೆ. ಹೊಳೆಯಮ್ಮ ನಿನ್ನನ್ನು ಕಾಯಲಿ, ನೂರು ವರ್ಷ ಬಾಳು.

ಇಂತಿ ನಿನ್ನ ಅಜ್ಜಿ,
ಪುಟ್ಟಮಾದಮ್ಮ

ವಿ.ಸೂ.: ಕಾಗದ ಹಾಕಲು ನಿಮ್ಮಪ್ಪ ಬಾಗಿಲಲ್ಲಿ ಕಾರು ನಿಲ್ಲಿಸಿಕೊಂಡು ಹಾರನ್ ಹೊಡೆಯುತ್ತಿದ್ದಾನೆ, ಆದರೂ ಇದನ್ನು ಬರೆಯದೆ ಅಂಟಿಸಲಾರೆ. ನಿಮ್ಮ ತಾತ ಸೀರೆ ಹಾಸಿದಾಗ ನಾಲ್ಕು ಮೂಲೆಗೂ ಕಲ್ಲು ಹೇರಿದ್ದರು. ಒಲೆಯ ಮೂರು ಗುಂಡು, ಒಂದು ರುಬ್ಬುವ ಗುಂಡು. ಒಲೆಯ ಗುಂಡಿಗೆಲ್ಲ ಮಸಿ. ನನ್ನ ಜರಿ ಅಂಚಿಗೆ ಮಸಿ ಹತ್ತುತ್ತದಲ್ಲ ಎಂದು ಹೊಟ್ಟೆ ಉರಿದು, ಅವರು ಅತ್ತ ಹೋದಾಗ ನಾಲ್ಕನ್ನೂ ನಾನೇ ತೆಗೆದು ಪಕ್ಕಕ್ಕಿಟ್ಟೆ. ನೆನೆದ ರೇಷ್ಮೆ, ಎಲ್ಲಿ ಏಳುತ್ತದೆ ಅಂದುಕೊಂಡೆ. ಅತ್ತೆ ಶಾಪ ಹಾಕುವಾಗ ನಾನು ಪಕ್ಕದಲ್ಲೇ ನಿಂತಿದ್ದೆ, ಸುಮ್ಮನಿದ್ದೆ. ನಿಮ್ಮ ತಾತ ಪಕ್ಕಕ್ಕಿದ್ದ ಕಲ್ಲುಗಳನ್ನು ನೋಡಿ, ಎತ್ತಿ ಮತ್ತೆ ಒಲೆಗೆ ಹೂಡಿದರು, ಸಾಯುವ ತನಕ ಯಾರಿಗೂ ಹೇಳಲಿಲ್ಲ. ಇನ್ನೊಂದು. ಮಾರನೆಯ ದಿನ ಬಂದವನು ಬೇರೆಯವನಲ್ಲ. ಅದೇ ಗಡ್ಡ, ಅದೇ ಪೇಟ, ನಾನು ನೋಡಿದೆ. ಬಗ್ಗಿ ಮೊದಲು ನೆಲವನ್ನೆಲ್ಲ ನೋಡಿದ, ಎಲ್ಲಾದರೂ ಬಟ್ಟೆ ಇದೆಯಾ ಅಂತ. ಆಮೇಲೆ ಮೂಟೆ ಇಳಿಸಿದ. ಐವತ್ತು ವರ್ಷ ಅವನನ್ನು ಪುಕ್ಕಲ ಎಂದು ಹೇಳಿಕೊಟ್ಟವಳು ನಾನು, ನಿನಗೂ ಹೇಳಿಕೊಟ್ಟೆ. ನೀನು ಅವನ ಥರವೇ ತಿರುಗಿಸಿದೆ ನಾಗೂ, ಇನ್ನು ಅವನ ಥರವೇ ಮತ್ತೆ ಹೋಗು. ಶನಿವಾರದೊಳಗೆ ಅರ್ಜಿ ವಾಪಸು ತೆಗೆದುಕೊ. ಮೈಸೂರಿನಲ್ಲಿ ಸೀರೆ ಹಾಸುವವರಿಗೆ ನನ್ನ ಹೆಸರು ಹೇಳಿಡು. ನಾಲ್ಕು ಮೂಲೆಗೂ ಕಲ್ಲು ನಾನೇ ಬಂದು ಇಡುತ್ತೇನೆ.