ಹೆಸರುಕಾಳಿಗೆ ಬೆಚ್ಚಗಿನ ನೀರು

ಅಪ್ಪ,

ಶಾಲೆಯ ಬಾವಿಯ ನೀರು ಇವತ್ತು ಬೆಚ್ಚಗಾಗಿದೆ. ಮೊದಲು ಹೇಳಿದವಳು ನಾನು ಕಲಿಸುವ ಒಂದನೇ ತರಗತಿಯ ವೆನಿಂಗ್. ಈ ಸೆಮಿಸ್ಟರಿನ ಚಟುವಟಿಕೆಗೆಂದು ಮಕ್ಕಳು ತೆಂಗಿನ ಚಿಪ್ಪಿನಲ್ಲಿ ಹೆಸರುಕಾಳು ಮೊಳೆಯಿಸುತ್ತಿದ್ದಾರೆ. ಅದಕ್ಕೆ ನೀರು ತರಲು ಹೋದವಳು ಲಂಗಕ್ಕೆ ಕೈ ಒರೆಸಿಕೊಳ್ಳುತ್ತ ಬಂದಳು.

“ಬು ಲಾರಸ್, ಬಾವಿಗೆ ಜ್ವರ ಬಂದಿದೆ.”

“ನಿನ್ನ ಕಾಳಿಗೆ ಸೂಪ್ ಮಾಡಿಕೊಡ್ತಿದೆ ಕಣೇ,” ಎಂದ ಪಕ್ಕದ ದನಾಂಗ್. ತರಗತಿಯೆಲ್ಲ ನಕ್ಕಿತು.

ನಾನು ಹೋಗಿ ಬಕೆಟ್ಟಿನಲ್ಲಿ ಕೈ ಅದ್ದಿದೆ. ಪರ್ವತ ಸಿಡಿದ ಆ ವರ್ಷ ನೀವೂ ಹೀಗೇ ಕೈ ಅದ್ದಿ ನೋಡಿ, ಮೇಲಿನ ಹಳ್ಳಿಯವರನ್ನು ಎಬ್ಬಿಸಿ ಬರುತ್ತೇನೆಂದು ಅಗ್ನಿಪರ್ವತ ಹತ್ತಿದಿರಿ. ಅವರೆಲ್ಲ ಇಳಿದು ಬಂದರು; ನೀವು ಬರಲಿಲ್ಲ.

ಹೊಸದಾಗಿ ಬಂದಿರುವ ಮುಖ್ಯೋಪಾಧ್ಯಾಯ ಪಾಕ್ ಮರ್ವೊತೊ ಅವರಿಗೆ ತಿಳಿಸಿದೆ.

“ಬಿಸಿಲಿಗೆ ಕಾದಿರುತ್ತೆ ಬಿಡಿ, ಬು ಲಾರಸ್. ಪರ್ವತ ನೋಡ್ಕೊಳ್ಳೋ ಕಚೇರಿಯವರೇ ಏನೂ ಹೇಳಿಲ್ಲ. ನಿಮ್ಮಪ್ಪನ ಕಥೆ ಹೇಳಿ ಮಕ್ಕಳನ್ನ ಹೆದರಿಸ್ಬೇಡಿ.”

ಬಾವಿಯ ಮೇಲೆ ಬಿಸಿಲು ಬೀಳುವುದಿಲ್ಲ. ನೀವು ನೆಟ್ಟ ಹಲಸಿನ ಮರ ಈಗ ಅಷ್ಟು ಹರಡಿದೆ.

ಸೆಮಿಸ್ಟರಿನ ಕೊನೆಯ ಚಟುವಟಿಕೆ ಎಲೆ ಸಂಗ್ರಹ. ನಾಳೆ ಬೆಳಿಗ್ಗೆ ಏಳಕ್ಕೆ ಮಕ್ಕಳನ್ನು ನೀವು ಹೋದ ದಾರಿಯಲ್ಲೇ ಮೇಲಕ್ಕೆ ಕರೆದೊಯ್ಯಬೇಕು.