ಎಫ್ರೇಮನ ಹಾಡು ಹಾಡಿದವನು

ಸ್ಲೋಬರಿ, ಸಫೋಕ್
೧೪ ಮಾರ್ಚ್ ೧೯೮೨

ಮುದ್ದು ಡಾರ್ಕಸ್,

ನಿನ್ನ ಕೆಮ್ಮು ನಿಂತಿತೇ? ಕ್ಲೆಮೆಂಟನ ಬೆನ್ನು ಹೇಗಿದೆ? ನೆಲ್ ಪುಟ್ಟಿಗೆ ಹಲ್ಲು ಬಂದವೇ? ಮಂಡಿಯೊಂದು ಬಿಟ್ಟರೆ ನಾನು ಗಟ್ಟಿ.

ನಿಮ್ಮ ಇಪ್ಸ್‌ವಿಚ್ ಗ್ರಂಥಾಲಯದವರು ಹಳೆಯ ಹಾಡುಗಳ ರೆಕಾರ್ಡು ತರುತ್ತಿದ್ದಾರೆ, ಅದರಲ್ಲಿರುವ ನಮ್ಮೂರಿನ ‘ಎಫ್ರೇಮ್ ಕ್ಯಾಚ್‌ಪೋಲ್, ೧೯೫೬’ ಯಾರೆಂದು ಕೇಳಿದ್ದೆಯಲ್ಲ. ನೀನು ಕಳಿಸಿದ ಕ್ಯಾಸೆಟ್ಟನ್ನು ಪಕ್ಕದ ಮನೆಯಲ್ಲಿ ಹಾಕಿಸಿ ಕೇಳಿದೆ. ಎರಡನೇ ಸಾಲಿಗೇ ಕೈಲಿದ್ದ ಹೆಣಿಗೆ ಕೆಳಗಿಟ್ಟೆ. ಆದರೂ ನನ್ನ ಕಿವಿಯೊಂದನ್ನೇ ನಂಬಬಾರದೆಂದು ಪಬ್ಬಿಗೆ ಹೋದೆ, ಅರವತ್ತೆಂಟು ವರ್ಷದಲ್ಲಿ ಮೊದಲ ಸಲ! “ಅಯ್ಯಯ್ಯೋ, ಚಾಪೆಲ್ ಕೆಜಾಯಕ್ಕ ಬಂದ್ಲು, ಬೀರೆಲ್ಲ ಬಚ್ಚಿಡ್ರೋ!” ಎಂದು ಮುದುಕ ಜೆಥ್ರೋ ಕೂಗಿದ.

ಕ್ಯಾಸೆಟ್ಟಿನ ಮೇಲಿನ ಹೆಸರು ತೋರಿಸಿದೆ. “ಎಫ್ರೇಮ ಐವತ್ನಾಲ್ಕನೇ ಇಸ್ವೀಲೇ ಸತ್ತೋದ್ನಲ್ಲ. ಗೋರಿಯಿಂದ ಎದ್ಬಂದು ಹಾಡಿದ್ನಾ?” ಎಂದು ನಕ್ಕ.

ಪಟ್ಟಣದಲ್ಲಿ ಬೆಳೆದ ನಿನಗೆ ಇಲ್ಲಿಯ ಪದ್ಧತಿ ತಿಳಿದಿರಲಿಕ್ಕಿಲ್ಲ. ಪಬ್ಬಿನಲ್ಲಿ ಒಬ್ಬೊಬ್ಬನಿಗೆ ಒಂದೊಂದು ಹಾಡು. ಅವನಿರುವಾಗ ಇನ್ನೊಬ್ಬ ಅದಕ್ಕೆ ಬಾಯಿ ಹಾಕುವಂತಿಲ್ಲ. ಸಾಯುವ ಮುಂಚೆ ಅವನೇ ಯಾರಿಗಾದರೂ ಒಪ್ಪಿಸಿ ಹೋಗುತ್ತಾನೆ. ಆದರೆ ಹಾಡಿಗೆ ಹೆಸರು ಹಳಬನದೇ. ಹಾಡು ರೆಕಾರ್ಡಾದ ದಿನವೂ “ಸದ್ದು! ಈಗ ಎಫ್ರೇಮ್ ಕ್ಯಾಚ್‌ಪೋಲ್ ಹಾಡು” ಎಂದು ಮೇಜು ಕುಟ್ಟಿದ್ದಾರೆ. ಹಾಡು ಹಿಡಿದಿಡಲು ಟೇಪು ತಂದಿದ್ದ ಪರವೂರಿನವನು ಅದನ್ನೇ ಬರೆದುಕೊಂಡಿದ್ದಾನೆ.

“ಹಾಡಿದ್ದು ನಿನ್ ತಮ್ಮ ರೂಬೆನ್ ಕಣಕ್ಕಾ. ನಿನ್ಗೆ ಗೊತ್ತಾದ್ರೆ ಕಷ್ಟ ಅಂತ ಹೊಲದ ಕಡೆಯಿಂದ ನುಸುಳ್ಕೊಂಡು ಬರ್ತಿದ್ದ” ಎಂದ ಜೆಥ್ರೋ.

ಹೌದು ಮಗಳೇ, ನಿನ್ನಪ್ಪ. ನಿನಗೆ ಎರಡು ತುಂಬುವ ಮೊದಲೇ ಹೋದವನು. ಅಪ್ಪನ ದನಿ ಹೇಗಿತ್ತೆಂದು ನೀನು ಕೇಳಿದಾಗಲೆಲ್ಲ, ಅವನದು ಮಾತು ಕಮ್ಮಿ ಎಂದು ತೇಲಿಸಿಬಿಟ್ಟೆ. ಅವನು ಹಾಡುವುದು ನನಗೆ ಗೊತ್ತಿಲ್ಲವೆಂದು ಅವನೆಣಿಸಿದ್ದ, ಗೊತ್ತಿತ್ತು. ನಾವು ಚಾಪೆಲ್ಲಿನ ಪ್ರಾರ್ಥನೆಗೆ ಹೋಗುವ, ಕುಡಿತ ಮುಟ್ಟದ ಜನ; ದೇವರ ಹಾಡು ಬಿಟ್ಟು ಬೇರೆ ಹಾಡು ನಮ್ಮ ಮನೆಗೆ ಅವಮಾನವಾಗಿತ್ತು. ಅವನು ಹಿತ್ತಲಲ್ಲಿ ಗುನುಗಿದರೆ ಕಿಟಕಿ ಮುಚ್ಚುತ್ತಿದ್ದೆ. ಈಗ ಪಕ್ಕದ ಮನೆಯವರ ಯಂತ್ರ ತಂದಿಟ್ಟುಕೊಂಡು ದಿನಕ್ಕೆರಡು ಸಲ ಕೇಳುತ್ತೇನೆ, ಕಿಟಕಿ ತೆರೆದೇ.

ರೆಕಾರ್ಡು ಅಚ್ಚಾಗುವ ಮೊದಲು ತಿದ್ದಿಸು: ಹಾಡಿದವನು ರೂಬೆನ್ ಲಾರ್ಟರ್, ಹಾಡು ಎಫ್ರೇಮನದು. ಎರಡೂ ಹೆಸರಿರಲಿ.

ನಿನ್ನ ಅತ್ತೆ,
ಕೆಜಾಯಾ

ಮರೆತಿದ್ದೆ. ಹಾಡಿನ ಕೊನೆಗೆ ಬರುವ ಕೂಸಿನ ಕೇಕೆಯನ್ನು ಕತ್ತರಿಸುತ್ತಾರೆ ಎಂದು ಬರೆದಿದ್ದೆಯಲ್ಲ, ಕತ್ತರಿಸಲು ಬಿಡಬೇಡ. ಮಧ್ಯಾಹ್ನ ನಿನ್ನನ್ನು ಗಾಳಿಗೆ ಒಯ್ಯುತ್ತೇನೆಂದು ಹೆಗಲೇರಿಸಿಕೊಂಡು ಅವನು ಹೋಗುತ್ತಿದ್ದುದು ಎಲ್ಲಿಗೆಂದು ಜೆಥ್ರೋ ಹೇಳಿದ. ಆ ಕೇಕೆ ನಿನ್ನದೇ. ಇನ್ನೊಮ್ಮೆ ಕೇಳಿ ನೋಡು, ಕೇಳಿ ಬೇಗ ಬರೆ.