ಸಹಿಯ ಕೆಳಗಿನ ಗೆರೆ

ಮಾರ್ಚ್ 28, ಬೆಳಿಗ್ಗೆ 6.30
ಇವತ್ತು ಪ್ರಚಾರಕ್ಕೆ ಹದಿನಾಲ್ಕು ಬೀದಿ. ಕಾಲು ಊದಿದೆ. ನರ್ಸ್ ಆಗಿದ್ದಾಗಲೂ ಇಷ್ಟು ನಿಂತವಳಲ್ಲ. ಹೋದ ಸಲ ಆರುನೂರು ಮತದಿಂದ ಗೆದ್ದು ಶಾಸಕಿಯಾದೆ. ಈ ಸಲ ಅದೂ ಅನುಮಾನ. ಪಿ.ಎ. ಮುಖ ನೋಡಿದರೇ ತಿಳಿಯುತ್ತದೆ.
ಇವರು ಕಾಫಿ ಕೊಡುತ್ತಾ, "ನಮ್ಮನೆಗೂ ಒಂದ್ಸಲ ಬಂದು ಕೈ ಮುಗಿ. ನಂದೂ ಒಂದು ಓಟಿದೆ" ಎಂದರು. ನಗು ಬರಲಿಲ್ಲ.

ಸಂಜೆ
ಮಾರ್ಕೆಟ್ ಹಿಂದಿನ ಗಲ್ಲಿ. ಟೈಲರ್ ಅಂಗಡಿ. ಹೊಲಿಗೆ ಮೆಷಿನ್ ಮೇಲೆ, ಗಾಜಿನ ಫ್ರೇಮಿನಲ್ಲಿ — ನನ್ನದೇ ಶಿಫಾರಸು ಪತ್ರ! ಎರಡು ವರ್ಷದ ಹಿಂದಿನದು. ಟೈಲರ್ ಹೆಂಡತಿಯ ಹೃದಯದ ವಾಲ್ವ್ ಆಪರೇಷನ್‌ಗೆ, ಸರ್ಕಾರಿ ಆಸ್ಪತ್ರೆಗೆ ಬರೆದದ್ದು. "ಕೇಳಿದ ದಿನಾನೇ ಕೊಟ್ರು ನಮ್ಮಕ್ಕ" ಎಂದು ಎಲ್ಲರಿಗೂ ತೋರಿಸಿದ. ಹೆಂಡತಿ ಪರದೆಯ ಹಿಂದೆ ಮಲಗಿದ್ದಳು. ಉಸಿರಾಡಲೂ ಕಷ್ಟ. ಆದರೂ ಎದ್ದು ಕೂತು ನಮಸ್ಕಾರ ಮಾಡಿದಳು.
ಸಹಿ ನೋಡಿದೆ. ಕೆಳಗೆ ಗೆರೆಯಿಲ್ಲ.
ಮೊದಲ ವರ್ಷವೇ ಪಿ.ಎ. ಹೇಳಿಕೊಟ್ಟ ಉಪಾಯ. ಬಂದವರಿಗೆಲ್ಲ ಪತ್ರ ಕೊಡುವುದು. ಸಹಿಯ ಕೆಳಗೆ ಗೆರೆಯಿದ್ದರೆ ಕೆಲಸ ಮಾಡಿ, ಇಲ್ಲದಿದ್ದರೆ ಪಕ್ಕಕ್ಕಿಡಿ ಎಂದು ಅಧಿಕಾರಿಗಳ ಜೊತೆ ಒಪ್ಪಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗೆರೆ ಯಾರಿಗೆ? ನಾಲ್ಕು ಓಟು ತರುವವರಿಗೆ.

ಮಾರ್ಚ್ 30
"ಆ ಟೈಲರ್ ಚಿನ್ನದಂಥ ಮನುಷ್ಯ ಮೇಡಂ. ಫ್ರೇಮ್ ಸಮೇತ ವಿಡಿಯೋ ಮಾಡೋಣ" — ಪಿ.ಎ.
ಮೊದಲು ಆಪರೇಷನ್ ಆಗಲಿ ಎಂದೆ. ಆಸ್ಪತ್ರೆಯ ಸೂಪರಿಂಟೆಂಡೆಂಟ್‌ಗೆ ನಾನೇ ಫೋನ್ ಮಾಡಿದೆ. "ಈಗ ನೀತಿ ಸಂಹಿತೆ ಮೇಡಂ. ನಿಮ್ಮ ಮಾತು ಕೇಳಿದ್ರೆ ನನ್ನ ಕೆಲಸ ಹೋಗುತ್ತೆ. ರಿಸಲ್ಟ್ ಬರ್ಲಿ, ನೋಡೋಣ."
ಈಗ ಹತ್ತು ಗೆರೆ ಎಳೆದರೂ ಅದು ರದ್ದಿ ಕಾಗದ.
ವಿಡಿಯೋ ಬೇಡ ಎನ್ನಲಿಲ್ಲ. ಎನ್ನಬೇಕಿತ್ತು.

ಏಪ್ರಿಲ್ 9
ಟೈಲರ್ ಹೆಂಡತಿ ಸತ್ತು ಮೂರು ದಿನವಾಯಿತು. ಹೋಗಿಲ್ಲ. ಪ್ರಚಾರದ ನೆಪ. ವಿಡಿಯೋ ಊರೆಲ್ಲ ಓಡುತ್ತಿದೆ. ತೆಗೆಸು ಎಂದರೆ ಪಿ.ಎ., "ಈಗ ತೆಗೆದ್ರೆ ಯಾಕೆ ಅಂತ ಕೇಳ್ತಾರೆ" ಎಂದ. ಇರಲಿ ಬಿಡು ಎಂದೆ. ನನ್ನ ಮೇಲೆ ನನಗೇ ಅಸಹ್ಯ.

ಏಪ್ರಿಲ್ 10, ಮಧ್ಯಾಹ್ನ
ಒಬ್ಬಳೇ ಹೋದೆ. ಅಂಗಡಿ ತೆರೆದಿತ್ತು. ಯಾರದೋ ಪ್ಯಾಂಟಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದ. ಎಲ್ಲ ಹೇಳಿಬಿಟ್ಟೆ. ಗೆರೆಯ ವಿಷಯವನ್ನೂ.
ಅವನು ತಲೆ ಎತ್ತಲಿಲ್ಲ.
"ಗೊತ್ತಕ್ಕ. ಆಸ್ಪತ್ರೆ ಗುಮಾಸ್ತ ಅವತ್ತೇ ಹೇಳ್ದ, ಗೆರೆ ಇಲ್ಲ ಹೋಗಪ್ಪ ಅಂತ."
"ಮತ್ತೆ... ನೀನೇ ಒಂದು ಗೆರೆ..."
"ಇವಳೂ ಅದನ್ನೇ ಅಂದ್ಲು. ದಿನಾ ಬಟ್ಟೆ ಮೇಲೆ ಗೆರೆ ಎಳೆಯೋರಲ್ವಾ, ಒಂದು ಎಳೀರಿ ಅಂತ. ನಾನೇ ಬೇಡ ಅಂದೆ. ಅಕ್ಕ ಮರ್ತಿರ್ತಾರೆ, ಅವ್ರ ಸಹಿಗೆ ನಾನು ಕೈ ಹಾಕ್ಬಾರ್ದು ಅಂತ. ನೀವು ಈ ಕಡೆ ಬಂದಾಗ ಕಣ್ಣಿಗೆ ಬೀಳ್ಲಿ ಅಂತಾನೇ ಅಲ್ಲಿ ತೂಗು ಹಾಕಿದ್ದು."
ಎರಡು ವರ್ಷ ಆ ಗಲ್ಲಿಗೆ ನಾನು ಕಾಲಿಟ್ಟಿರಲಿಲ್ಲ.

ಏಪ್ರಿಲ್ 12, ಮತದಾನ, ಬೆಳಿಗ್ಗೆ 7.10
ಪಿ.ಎ. ಫೋನ್. ಟೈಲರ್ ಬೂತ್ ಮುಂದೆ ಎಲ್ಲರಿಗಿಂತ ಮೊದಲು ನಿಂತಿದ್ದಾನಂತೆ. "ನಮ್ಮ ಓಟೇ ಮೇಡಂ, ಗ್ಯಾರಂಟಿ." ಖುಷಿ ಅವನಿಗೆ.
ಟೈಲರ್ ಬೇರೆಯವರಿಗೆ ಹಾಕಲಿ. ಬಾಯಿಗೆ ಬಂದಂತೆ ಬೈಯಲಿ. ಆದರೆ ಅವನು ನನಗೇ ಹಾಕಿಬಿಟ್ಟರೆ ನಾನು ಹೇಗೆ...